ಒಂದೇ ಮೈ, ಒಂಬತ್ತು ಕಸುಬು

ಗುಂಡು ಹಾರಿಸುವ ಕಂಪ್ಯೂಟರ್ ಆಟಗಳಲ್ಲಿ ಒಬ್ಬ ವೈದ್ಯ, ಒಬ್ಬ ಗೂಢಚಾರ, ಒಬ್ಬ ಎಂಜಿನಿಯರ್ ಎಂದು ತಂಡದೊಳಗೆ ಕೆಲಸ ಹಂಚಿಕೊಂಡು ಆಡುವುದು ಈಗ ಎಷ್ಟು ಸಹಜವಾಗಿದೆಯೆಂದರೆ, ಈ ಪದ್ಧತಿಗೂ ಒಂದು ಹುಟ್ಟು ಇತ್ತೆಂಬುದು ಆಡುವವರಿಗೇ ಮರೆತಿದೆ. ಅಮೆರಿಕದ ಐಡಿ ಸಾಫ್ಟ್‌ವೇರ್ ಕಂಪನಿಯ ‘ಕ್ವೇಕ್’ ಆಟ ಹೊರಬಂದದ್ದು 1996ರ ಜೂನ್‌ನಲ್ಲಿ. ಎರಡೇ ತಿಂಗಳಲ್ಲಿ, ಆಗಸ್ಟ್ ಕೊನೆಯ ಹೊತ್ತಿಗೆ, ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್ ಮತ್ತು ಇಯಾನ್ ಕಾಲಿ ಎಂಬ ಮೂವರು ಯುವಕರು ಅದೇ ಆಟದ ಮೇಲೆ ‘ಟೀಮ್ ಫೋರ್ಟ್ರೆಸ್’ ಎಂಬ ಮಾಡ್, ಎಂದರೆ ಇರುವ ಆಟದ ಮಾರ್ಪಡಿಸಿದ ರೂಪ, ಕಟ್ಟಿ ಪುಕ್ಕಟೆಯಾಗಿ ಹಂಚಿದರು. ತಾನೊಬ್ಬನೇ ಎಲ್ಲರನ್ನೂ ಕೊಲ್ಲುವ ಆಟ ಬೇಸರ ತರಿಸಿತ್ತು, ಅದಕ್ಕೆ ಈ ಮೂವರಿಗೊಂದು ಹೊಸ ಯೋಚನೆ ಹೊಳೆಯಿತು ಎಂದು ಈ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಹೊಳೆದದ್ದು ನಿಜವೇ ಇರಬಹುದು. ಆದರೆ ಹೊಳೆದದ್ದೆಲ್ಲ ಆಟವಾಗುವುದಿಲ್ಲ. ಅವರ ಕೈಗೆ ಏನು ಎಟುಕುತ್ತಿತ್ತು, ಏನು ಎಟುಕುತ್ತಿರಲಿಲ್ಲ ಎಂಬುದೇ ಈ ಪದ್ಧತಿಗೆ ಆಕಾರ ಕೊಟ್ಟಿತು. ಅದರ ಜಾಣತನದ ಬಹುಪಾಲು ಬಡತನದಿಂದ ಬಂದದ್ದು ಎಂಬುದು ನನ್ನ ವಾದ.

ಇದು ತಿಳಿಯಬೇಕಾದರೆ ಆಗ ಮಾಡ್ ಹಾಕಿಕೊಳ್ಳುತ್ತಿದ್ದ ಬಗೆಯನ್ನು ನೋಡಬೇಕು. 1993ರ ‘ಡೂಮ್’ ಆಟದಲ್ಲೇ ಐಡಿ ಕಂಪನಿಯ ಜಾನ್ ಕಾರ್ಮ್ಯಾಕ್, ಆಟವನ್ನು ನಡೆಸುವ ಎಂಜಿನ್ನನ್ನೂ ಅದರ ನಕ್ಷೆ, ಚಿತ್ರ, ಸದ್ದುಗಳನ್ನೂ ಬೇರೆಬೇರೆ ಕಡತಗಳಲ್ಲಿ ಇಟ್ಟಿದ್ದರು. ಕ್ವೇಕ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಟದ ನಿಯಮಗಳನ್ನೇ ‘ಕ್ವೇಕ್ ಸಿ’ ಎಂಬ ಪುಟ್ಟ ಭಾಷೆಯಲ್ಲಿ ಬರೆದು, ಆ ಭಾಷೆಯನ್ನು ಜನರ ಕೈಗೆ ಕೊಟ್ಟರು. ಮೂಲ ಆಟ ‘ಐಡಿ1’ ಎಂಬ ಫೋಲ್ಡರಿನಲ್ಲಿ ಇರುತ್ತಿತ್ತು. ಅದನ್ನು ಮುಟ್ಟುವ ಹಾಗೇ ಇಲ್ಲ. ಪಕ್ಕದಲ್ಲಿ ‘ಫೋರ್ಟ್ರೆಸ್’ ಎಂಬ ಇನ್ನೊಂದು ಫೋಲ್ಡರ್ ಮಾಡಿ, ಜಿಪ್ ಕಡತವನ್ನು ಅಲ್ಲಿ ಬಿಚ್ಚಿ, ಆಟ ಶುರುಮಾಡುವ ಸಾಲಿನ ಕೊನೆಗೆ ಆ ಫೋಲ್ಡರಿನ ಹೆಸರು ಸೇರಿಸಿದರೆ ಆಯಿತು. ಬೇಡವಾದರೆ ಫೋಲ್ಡರ್ ಅಳಿಸಿದರೆ ಸಾಕು, ಹಳೆಯ ಕ್ವೇಕ್ ಇದ್ದಂತೆಯೇ ಇರುತ್ತಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ನಿಯಮಗಳ ಕಡತ ಓಡುತ್ತಿದ್ದದ್ದು ಸರ್ವರಿನಲ್ಲಿ, ಆಡುವವನ ಕಂಪ್ಯೂಟರಿನಲ್ಲಲ್ಲ. 1996ರ ಡಿಸೆಂಬರ್‌ನಲ್ಲಿ ಬಂದ ‘ಕ್ವೇಕ್‌ವರ್ಲ್ಡ್’ ಎಂಬ ಅಂತರಜಾಲ ಆವೃತ್ತಿ, ತನ್ನಲ್ಲಿ ಇಲ್ಲದ ನಕ್ಷೆಯನ್ನೋ ಸದ್ದನ್ನೋ ಸರ್ವರಿನಿಂದಲೇ ಎಳೆದುಕೊಳ್ಳಬಲ್ಲದಾಗಿತ್ತು. ಆದರೆ ಎಳೆಯುವುದು ಟೆಲಿಫೋನ್ ತಂತಿಯ ಮೇಲೆ. 28.8 ಕಿಲೋಬಿಟ್ ಮೋಡೆಮ್‌ನಲ್ಲಿ ಒಂದು ಎಂಬಿ ಇಳಿಯಲು ಐದು ನಿಮಿಷದ ಹತ್ತಿರ ಬೇಕು. ಹೀಗಾಗಿ ಹೊಸ ಚಿತ್ರ, ಹೊಸ ಶರೀರ ಎಂದರೆ ಮಾಡುವವನಿಗೂ ಭಾರ, ಆಡುವವನಿಗೂ ಭಾರ. ಹೊಸ ನಿಯಮಕ್ಕೆ ಮಾತ್ರ ಯಾರಿಗೂ ಖರ್ಚಿಲ್ಲ.

ಆ ಮೂವರು ಮಾಡಿದ್ದು ಅದನ್ನೇ. ಕ್ವೇಕ್‌ನಲ್ಲಿ ಆಟಗಾರನಿಗೆ ಇದ್ದದ್ದು ಒಂದೇ ಯೋಧನ ಮೈ. ಅದನ್ನು ಹಾಗೇ ಇಟ್ಟುಕೊಂಡು, ಓಟದ ವೇಗ, ಪ್ರಾಣದ ಅಂಕ, ಕವಚ, ಕೈಯಲ್ಲಿನ ಆಯುಧ, ಸೊಂಟದ ಗ್ರೆನೇಡ್ ಇಷ್ಟನ್ನೇ ಬದಲಿಸುತ್ತ ಹೋದರು. ಮೊದಲು ಸ್ಕೌಟ್, ಸ್ನೈಪರ್, ಸೋಲ್ಜರ್, ಡೆಮೊಮ್ಯಾನ್, ಮೆಡಿಕ್ ಎಂದು ಐದು ಕ್ಲಾಸ್, ಎಂದರೆ ಕಸುಬು. ಆಮೇಲಿನ ಆವೃತ್ತಿಗಳಲ್ಲಿ ಹೆವಿ, ಪೈರೊ, ಸ್ಪೈ, ಎಂಜಿನಿಯರ್ ಸೇರಿ ಒಂಬತ್ತಾದವು. ಸ್ಕೌಟ್ ಗಾಳಿಯಂತೆ ಓಡುತ್ತಾನೆ, ಎರಡೇಟಿಗೆ ಸಾಯುತ್ತಾನೆ. ಹೆವಿಯನ್ನು ಕೊಲ್ಲುವುದು ಕಷ್ಟ, ಆದರೆ ಅವನು ತಲುಪುವಷ್ಟರಲ್ಲಿ, ತಂಡಗಳು ಪರಸ್ಪರ ಕದಿಯಬೇಕಾದ ಬಾವುಟ ಎದುರಾಳಿಯ ಪಾಲಾಗಿರುತ್ತದೆ. ಎಂಜಿನಿಯರ್ ತಾನಾಗಿಯೇ ಗುರಿಯಿಟ್ಟು ಹೊಡೆಯುವ ಬಂದೂಕು ನಿಲ್ಲಿಸುತ್ತಾನೆ, ಅದನ್ನು ಕಾಯುತ್ತ ಕೂರಬೇಕಾಗುತ್ತದೆ. ಪ್ರತಿಯೊಬ್ಬನಿಗೂ ಬೇಕೆಂದೇ ಇಟ್ಟ ಒಂದು ಕೊರತೆ ಇನ್ನೊಬ್ಬನಿಗೆ ಕೆಲಸ ಹುಟ್ಟಿಸಿತು. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಸ್ಪೈ. ಕ್ವೇಕ್‌ನಲ್ಲಿ ನಮ್ಮವರು ಯಾರು, ಅವರವರು ಯಾರು ಎಂದು ತಿಳಿಯುತ್ತಿದ್ದದ್ದು ಮುಖ್ಯವಾಗಿ ಬಟ್ಟೆಯ ಬಣ್ಣದಿಂದ. ಮೈಯೆಲ್ಲ ಒಂದೇ ಆಗಿರುವಾಗ ಬಣ್ಣ ಬದಲಿಸಿದರೆ ವೇಷ ಮುಗಿಯಿತು; ಎದುರಾಳಿಯ ಕೋಟೆಯೊಳಗೆ ಅವರವನಂತೆಯೇ ನಡೆದು ಹೋಗಬಹುದು. ಒಂಬತ್ತು ಬೇರೆಬೇರೆ ಶರೀರಗಳನ್ನು ಚಿತ್ರಿಸುವಷ್ಟು ಅನುಕೂಲ ಆ ಹುಡುಗರಿಗೆ ಇದ್ದಿದ್ದರೆ ಈ ವೇಷಗಾರ ಇಷ್ಟು ಅಗ್ಗವಾಗಿ ಹುಟ್ಟುತ್ತಿರಲಿಲ್ಲ.

ಇದರಲ್ಲಿ ಹೊಸತೇನು ಎಂದು ಕೇಳಬಹುದು. 1974ರಲ್ಲೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂಬ ವಿಭಜನೆ ಇತ್ತು. ಬಾವುಟ ಕದಿಯುವ ತಂಡದ ಆಟವನ್ನು ಕ್ವೇಕ್‌ಗೆ ತಂದವರೂ ಬೇರೆಯವರು. ಎರಡೂ ಸರಿ, ಮೊದಲಿಗರು ಯಾರು ಎಂಬ ಜಗಳ ನನಗೆ ಬೇಡ. ಆದರೆ ಮೇಜಿನ ಸುತ್ತ ಕುಳಿತವರು ಪರಿಚಿತರು, ಸರದಿಯಂತೆ ಆಡುವವರು, ಮೇಲೆ ನಡೆಸುವವನೊಬ್ಬ ಇರುತ್ತಾನೆ. ಇಲ್ಲಿ ಮುಖ ಕಾಣದ ಅಪರಿಚಿತರು ಅರೆಕ್ಷಣದಲ್ಲಿ ಗುಂಡು ಹೊಡೆದುಕೊಳ್ಳುತ್ತಾರೆ. ನೀನು ವೈದ್ಯ, ಗಾಯಾಳುವನ್ನು ನೋಡು ಎಂದು ಯಾರೂ ಯಾರಿಗೂ ಅಪ್ಪಣೆ ಮಾಡುವಂತಿಲ್ಲ. ಹಾಗಾಗಿ ಬರೆದಿಟ್ಟ ಕೆಲಸ ಬರೆದಂತೆ ಉಳಿಯಲಿಲ್ಲ. ಮೆಡಿಕ್‌ನ ಬಳಿ ಎದುರಾಳಿಯ ತಲೆ ತಿರುಗಿಸುವ ಕನ್‌ಕಷನ್ ಗ್ರೆನೇಡ್ ಇತ್ತು. ಅದು ಸಿಡಿಯುವ ಹೊತ್ತಿಗೆ ಸರಿಯಾಗಿ ನೆಗೆದರೆ ಇಡೀ ಅಂಗಳ ದಾಟುವಷ್ಟು ದೂರ ಹಾರಬಹುದೆಂದು ಆಟಗಾರರು ಕಂಡುಕೊಂಡರು. ಪಳಗಿದ ತಂಡಗಳಲ್ಲಿ ವೈದ್ಯ ಮದ್ದಿನ ಚೀಲ ಮರೆತು ಬಾವುಟ ಕದಿಯುವ ಓಟಗಾರನಾದ. ಇದನ್ನು ವಿನ್ಯಾಸದ ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಮಾಡಿದವರಿಗೆ ಅದು ಕಸಿವಿಸಿಯಾಗಿದ್ದಿರಬೇಕು: 2007ರ ‘ಟೀಮ್ ಫೋರ್ಟ್ರೆಸ್ 2’ರಲ್ಲಿ ಎಲ್ಲ ಕ್ಲಾಸ್‌ಗಳಿಂದಲೂ ಸೊಂಟದ ಗ್ರೆನೇಡ್ ಕಿತ್ತುಕೊಂಡು, ಮೆಡಿಕ್‌ನ ಕೈಗೆ ಜೊತೆಗಾರರಿಗೆ ಪ್ರಾಣ ತುಂಬುವ ಮೆಡಿಗನ್ ಕೊಟ್ಟರು. ಅದನ್ನು ಹಿಡಿದವನು ಬೇರೊಬ್ಬನ ಬೆನ್ನ ಹಿಂದೆ ಇರದೆ ವಿಧಿಯಿಲ್ಲ.

ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ. ಬಡತನವೇ ಕಾರಣವಾಗಿದ್ದರೆ, ಹಣ ಬಂದಮೇಲೆ ಈ ಪದ್ಧತಿ ಸೊರಗಬೇಕಿತ್ತಲ್ಲ? 1998ರಲ್ಲಿ ವಾಲ್ವ್ ಕಂಪನಿ ವಾಕರ್ ಮತ್ತು ಕುಕ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. 1999ರ ಏಪ್ರಿಲ್‌ನಲ್ಲಿ ಆ ಕಂಪನಿಯ ‘ಹಾಫ್-ಲೈಫ್’ ಆಟ ಕೊಂಡವರಿಗೆಲ್ಲ ‘ಟೀಮ್ ಫೋರ್ಟ್ರೆಸ್ ಕ್ಲಾಸಿಕ್’ ಪುಕ್ಕಟೆ ಸಿಕ್ಕಿತು. ಅದೇ ವರ್ಷ ಮುಂದಿನ ಆಟವಾದ ಟೀಮ್ ಫೋರ್ಟ್ರೆಸ್ 2 ಅನ್ನು ನಿಜವಾದ ಸೈನ್ಯದ ಧಾಟಿಯಲ್ಲಿ ತೋರಿಸಿದ ಕಂಪನಿ, ಅದನ್ನು ಹೊರತಂದದ್ದು ಎಂಟು ವರ್ಷದ ಮೇಲೆ, ಪೂರ್ತಿ ಬೇರೆ ರೂಪದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಅಮೆರಿಕನ್ ಜಾಹೀರಾತು ಚಿತ್ರಕಾರರನ್ನು, ಮುಖ್ಯವಾಗಿ ಜೆ. ಸಿ. ಲೆಯೆಂಡೆಕರ್ ಅವರನ್ನು, ಮಾದರಿಯಾಗಿಟ್ಟುಕೊಂಡು ನೆರಳು ನೋಡಿಯೇ ಗುರುತಿಸಬಹುದಾದ ಒಂಬತ್ತು ಶರೀರಗಳನ್ನು ಅದು ರೂಪಿಸಿತು. ಸೊಗಸಾದ ಕೆಲಸ, ಸಂಶಯವಿಲ್ಲ. ಆದರೆ ಹಣ ತಂದದ್ದು ಗುರುತನ್ನು. ಕಸುಬುಗಳ ಸಂಖ್ಯೆ ಒಂಬತ್ತೇ ಉಳಿಯಿತು, ಹೆಸರುಗಳೂ ಅವೇ. ಎರಡು ಕೋಟೆಗಳು ಎದುರುಬದುರಾಗಿ ನಿಂತ ‘ಟೂಫೋರ್ಟ್’ ನಕ್ಷೆ ಕೂಡ ಕ್ವೇಕ್ ಕಾಲದಿಂದ ಕೈದಾಟಿ ಬಂದದ್ದು. ಎಂಟು ವರ್ಷ ಕೈಯಲ್ಲಿದ್ದ ಕಂಪನಿ ಕೊನೆಗೆ ಹೊರತಂದ ಆಟದಲ್ಲೂ ಹತ್ತನೆಯ ಕಸುಬೊಂದು ಇರಲಿಲ್ಲ.

ಉಳಿದಿರುವುದು ಲಾಭದ ಪ್ರಶ್ನೆ. ಆಟವೂ ದುಡಿಮೆಯೂ ಬೆರೆತ ಈ ಬಗೆಯ ಕೆಲಸದ ಫಲ ಕಂಪನಿಗೆ ಸೇರುತ್ತದೆ, ಹೊಣೆ ಮಾತ್ರ ಹುಡುಗರದ್ದು ಎಂದು ಸಂಶೋಧಕ ಜೂಲಿಯನ್ ಕ್ಯೂಕ್ಲಿಷ್ 2005ರಲ್ಲೇ ಬರೆದಿದ್ದರು. ಇದನ್ನು ಅಲ್ಲಗಳೆಯಲು ನನ್ನಲ್ಲಿ ಪುರಾವೆಯಿಲ್ಲ, ಒಪ್ಪಲು ಬೇಕಾದಷ್ಟಿದೆ. ಪುಕ್ಕಟೆಯಾಗಿ ಸಿಗುತ್ತಿದ್ದ ಮಾದರಿ ಕ್ವೇಕ್‌ನಲ್ಲಿ ಮಾಡ್ ಓಡುತ್ತಲೇ ಇರಲಿಲ್ಲ, ಹಣ ಕೊಟ್ಟು ಕೊಂಡ ಪೂರ್ತಿ ಆವೃತ್ತಿ ಬೇಕಿತ್ತು. ಎಂದರೆ ಪ್ರತಿ ಒಳ್ಳೆಯ ಮಾಡ್ ಐಡಿ ಕಂಪನಿಯ ಮಾರಾಟಗಾರನಾಗಿತ್ತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲೂ ಬೆಂಗಳೂರಿನ ಸೈಬರ್ ಕೆಫೆಗಳಲ್ಲೂ ರಾತ್ರಿಗಳನ್ನು ನುಂಗಿದ ‘ಕೌಂಟರ್-ಸ್ಟ್ರೈಕ್’ ಕೂಡ 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಹಾಫ್-ಲೈಫ್ ಮೇಲೆ ಕಟ್ಟಿದ ಮಾಡ್. ಮರುವರ್ಷವೇ ಅದು ವಾಲ್ವ್‌ನ ಸರಕಾಯಿತು. ಕೆಲಸ ಸಿಕ್ಕಿದ್ದು ಇಂಥ ಕೆಲವರಿಗೆ. ನಕ್ಷೆ ಬರೆದ, ಸರ್ವರ್ ನಡೆಸಿದ, ತಪ್ಪು ಹುಡುಕಿ ಕೊಟ್ಟ ಬಹುಪಾಲು ಜನರ ಹೆಸರು ಜಿಪ್ ಕಡತದೊಳಗಿನ ರೀಡ್‌ಮಿ ಟಿಪ್ಪಣಿಯಲ್ಲೇ ಉಳಿಯಿತು. ಆದರೂ ಕೆಲಸ ಯಾರದ್ದು ಎಂಬುದೂ ಹಣ ಯಾರಿಗೆ ಎಂಬುದೂ ಎರಡು ಬೇರೆ ಪ್ರಶ್ನೆಗಳು. 2025ರ ಫೆಬ್ರುವರಿಯಲ್ಲಿ ವಾಲ್ವ್ ಟೀಮ್ ಫೋರ್ಟ್ರೆಸ್ 2ರ ಆಟದ ಕೋಡನ್ನೇ ಮಾಡ್ ಮಾಡುವವರಿಗೆ ತೆರೆದಿಟ್ಟಿತು. ಯಾವ ನಿಯಮವನ್ನಾದರೂ ಬದಲಿಸಬಹುದು, ಆದರೆ ಹಾಗೆ ಕಟ್ಟಿದ್ದನ್ನು ಪುಕ್ಕಟೆಯಾಗಿಯೇ ಹಂಚಬೇಕು ಎಂಬುದು ಅದರ ಷರತ್ತು.