ಸೀಡಿಯಲ್ಲಿ ಉಳಿಯದ ಫಾಂಟು

ನಮ್ಮೂರು ಜಡೆ. ಕನ್ನಡ ಫಾಂಟು ಬೇಕೆಂದರೆ ಬಸ್ಸು ಹತ್ತಿ ಸೊರಬಕ್ಕೆ ಹೋಗಿ, ಸೀಡಿಗೆ ಹಾಕಿಸಿಕೊಂಡು ತರುತ್ತಿದ್ದ ಕಾಲವೊಂದಿತ್ತು. ಅಜ್ಜಿ ಹೇಳಿದ ಹಾಡುಗಳನ್ನೆಲ್ಲ ಅಂಥದೊಂದು ಫಾಂಟಿನಲ್ಲೇ ಟೈಪಿಸಿಟ್ಟಿದ್ದೆ. ಆಮೇಲೆ ಸೀಡಿ ಗೀರುಬಿತ್ತು, ಫಾಂಟು ಕೊಟ್ಟ ತಾಣವೂ ಮಾಯ! ಈಗ ಕಡತ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು.

ಇದಕ್ಕೆ ಮದ್ದು ಆಗಲೇ ಇತ್ತು ನೋಡಿ. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್, ತಂತ್ರಾಂಶಗಳನ್ನು ಪೊಟ್ಟಣ ಕಟ್ಟಿ ಒಂದೇ ಭಂಡಾರದಲ್ಲಿ ಇಡುತ್ತಾ ಬಂತು. 1995ರಲ್ಲಿ ಪರ್ಲ್ ಭಾಷೆಯವರು ತಮ್ಮ ಮಾಡ್ಯೂಲುಗಳಿಗೆ ಸಿಪ್ಯಾನ್ ಎಂಬ ಭಂಡಾರ ತೆರೆದರು. ಒಂದು ಸರ್ವರ್ ಕೆಟ್ಟರೂ ಬೇರೆ ಊರಿನ ಮಿರರ್‌ಗಳಲ್ಲಿ ಪ್ರತಿ ಇರುತ್ತದೆ. ಡೆಬಿಯನ್‌ನಲ್ಲಿ ಪ್ರತಿ ಪೊಟ್ಟಣಕ್ಕೂ ನೋಡಿಕೊಳ್ಳುವವರಿದ್ದಾರೆ. ಅವರು ಕೈಬಿಟ್ಟರೆ ಅದನ್ನು 'ಅನಾಥ' ಎಂದು ಸಾರಿ ಇನ್ನೊಬ್ಬರನ್ನು ಹುಡುಕುತ್ತಾರೆ.

ಕನ್ನಡದ ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಫಾಂಟುಗಳೂ ಆ ಭಂಡಾರ ಸೇರಿದವು. ಕಾರಣ, ಅವುಗಳ ಮುಕ್ತ ಪರವಾನಗಿ: ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ನನ್ನ ಸೀಡಿಯ ಫಾಂಟು ಪುಕ್ಕಟೆ ಸಿಕ್ಕಿತ್ತು, ಆದರೆ ಹಂಚುವ ಹಕ್ಕು ಕೊಟ್ಟಿರಲಿಲ್ಲ. ಹಾಗಾಗಿ ಯಾರೂ ಕಾಪಾಡಲಿಲ್ಲ.

ಕಣಜ ಕಟ್ಟುವುದು ನಾಲ್ಕು ದಿನದ ಕೆಲಸ. ಇಲಿ ಬೀಳದಂತೆ ನೋಡಿಕೊಳ್ಳುವುದು ವರ್ಷವಿಡೀ ಇದ್ದೇ ಇದೆ. ಅಜ್ಜಿಯ ಹಾಡುಗಳನ್ನು ಈಗ ಯುನಿಕೋಡ್‌ನಲ್ಲಿ ಮತ್ತೆ ಬರೆಯುತ್ತಿದ್ದೇನೆ. ಅಜ್ಜಿ ಇಲ್ಲ, ನನಗೆ ನೆನಪಿರುವುದು ಅರ್ಧವಷ್ಟೇ...