ಕೌದಿಯ ಮೇಲೆ ಬಟ್ಟೆಯ ಚಿತ್ತಾರ: ಯಾವ ಫ್ಯೂಸಿಂಗ್ ಕೊಳ್ಳಬೇಕು?

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಕೌದಿ ಎಂದರೂ ಅದೇ, ಗೋಧಡಿ ಎಂದರೂ ಅದೇ. ಆದವಾನಿ, ರಾಯದುರ್ಗದ ಕಡೆ ತೆಲುಗಿನಲ್ಲಿ ಬೊಂತ ಎನ್ನುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ದಾರ ಓಡಿಸಿ ಹೊಲಿಯುವ ಈ ಕೆಲಸಕ್ಕೆ ಸೂಜಿ, ದಾರ, ಬೆರಳು ಬಿಟ್ಟು ಬೇರೇನೂ ಬೇಕಿರಲಿಲ್ಲ. ಈಗ ಕೌದಿಯ ಮೇಲೆ ಹೂ, ನವಿಲು, ಆನೆಯ ಆಕಾರ ಕತ್ತರಿಸಿ ಹೊಲಿಯುವ ಅಪ್ಲಿಕ್ ಕೆಲಸಕ್ಕೆ ಇಸ್ತ್ರಿಯಿಂದ ಅಂಟುವ ಫ್ಯೂಸಿಂಗ್ ಬಳಸುವವರಿದ್ದಾರೆ. ಅಂಚು ಎಳೆ ಬಿಡುವುದಿಲ್ಲ, ತುಂಡು ಜಾರುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ತಪ್ಪು ಫ್ಯೂಸಿಂಗ್ ಹಾಕಿದರೆ ಕೌದಿ ರಟ್ಟಿನಂತೆ ಸೆಟೆಯುತ್ತದೆ, ಇಲ್ಲವೇ ಒಂದೆರಡು ಒಗೆತದಲ್ಲಿ ಗುಳ್ಳೆ ಏಳುತ್ತದೆ. ತೀರಿಹೋದ ಅಜ್ಜಿಯ ಇಳಕಲ್ ಸೀರೆಯ ತುಂಡು ಹಾಗೆ ಕೆಟ್ಟರೆ ಇನ್ನೊಂದು ತುಂಡು ಎಲ್ಲಿಂದ ತರುವುದು?

ಅಂಗಡಿಯಲ್ಲಿ ಏನು ಕೇಳಬೇಕು

ಹೆಸರಿನಲ್ಲೇ ಮೊದಲ ಗೊಂದಲ. ಅಸ್ತರ ಎಂದು ಕೇಳಿದರೆ ಕುಪ್ಪಸದ ಒಳಬಟ್ಟೆ ಕೊಡುತ್ತಾರೆ. ಬಕ್ರಮ್ ಅಥವಾ ಕ್ಯಾನ್ವಾಸ್ ಎಂದರೆ ಕಾಲರಿಗೆ, ಸೊಂಟಪಟ್ಟಿಗೆ ಹಾಕುವ ಬಿರುಸು ಬಟ್ಟೆ ಬರುತ್ತದೆ. ಕೌದಿಗೆ ಇವೆರಡೂ ಬೇಡ. ಕೇಳಬೇಕಾದದ್ದು ತೆಳು ಫ್ಯೂಸಿಂಗ್. ಕೆಲವು ಟೇಲರ್ ಸಾಮಾನಿನ ಅಂಗಡಿಗಳಲ್ಲಿ ಪೇಸ್ಟಿಂಗ್ ಎಂದರೂ ತಿಳಿಯುತ್ತದೆ. ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಒಂದು ಬದಿಯಲ್ಲಿ ಸಣ್ಣ ಸಣ್ಣ ಅಂಟಿನ ಚುಕ್ಕೆಗಳು ಮಿನುಗುತ್ತವೆ, ಬೆರಳಿಗೆ ಒರಟಾಗಿ ತಾಗುತ್ತವೆ. ಆ ಬದಿಯೇ ಬಟ್ಟೆಗೆ ಅಂಟುವುದು. ಇದನ್ನು ಮರೆತು ತಿರುವಿಟ್ಟರೆ ಅಂಟೆಲ್ಲ ಇಸ್ತ್ರಿಪೆಟ್ಟಿಗೆಗೆ.

ಫ್ಯೂಸಿಂಗ್‌ನಲ್ಲಿ ನೇಯ್ದದ್ದು, ನೇಯದೆ ಎಳೆಗಳನ್ನು ಒತ್ತಿ ಮಾಡಿದ್ದು ಎಂದು ಎರಡು ಬಗೆ. ನೇಯದ ಬಗೆ ನೋಡಲು ತೆಳು ಕಾಗದದಂತಿರುತ್ತದೆ. ಜರ್ಮನಿಯ ಫ್ರಾಯ್ಡನ್‌ಬರ್ಗ್ ಕಂಪನಿ 1948ರಲ್ಲಿ ಫ್ಲೀಸೆಲೀನ್ ಹೆಸರಿನಲ್ಲಿ ಇಂಥ ಒಳಬಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಅಗ್ಗ, ಯಾವ ದಿಕ್ಕಿಗೆ ಬೇಕಾದರೂ ಕತ್ತರಿಸಬಹುದು, ಚಿಕ್ಕ ಆಕಾರಗಳಿಗೆ ಸಾಕು. ನೇಯ್ದ ಹತ್ತಿ ಫ್ಯೂಸಿಂಗ್ ಬಟ್ಟೆಯ ಜೊತೆ ಮೆತ್ತಗೆ ಬಾಗುತ್ತದೆ, ಆದರೆ ಎಳೆಯ ದಿಕ್ಕು ನೋಡಿ ಕತ್ತರಿಸಬೇಕು, ಮೊದಲೇ ನೀರು ಕಾಣಿಸದಿದ್ದರೆ ಕುಗ್ಗಲೂಬಹುದು. ಹಿಂಡಿ ತೊಳೆಯದೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ತೂಕದ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ: ಚದರ ಮೀಟರಿಗೆ 20ರಿಂದ 30 ಗ್ರಾಮಿನದು ಕೌದಿಗೆ ಸರಿ. ಕೌದಿಯಲ್ಲಿ ಮೊದಲೇ ನಾಲ್ಕಾರು ಪದರ ಇರುತ್ತದೆ. ಅದರ ಮೇಲೆ ದಪ್ಪ ಅಂಟು ಸೇರಿದರೆ ಕೈಸೂಜಿ ನುಗ್ಗುವುದಿಲ್ಲ, ದಿನವಿಡೀ ಹೊಲಿಯುವ ಹೆಂಗಸರ ಬೆರಳ ತುದಿ ಹುಣ್ಣಾಗುತ್ತದೆ.

ಬಟ್ಟೆಯೇ ಇಲ್ಲದ, ಬರೀ ಅಂಟು

ಇನ್ನೊಂದು ಸಾಮಾನಿದೆ. ಒಂದು ಬದಿ ಕಾಗದ, ಇನ್ನೊಂದು ಬದಿ ಬಲೆಯಂಥ ಅಂಟು. ಫ್ಯೂಸಿಬಲ್ ವೆಬ್ ಎನ್ನುವ ಇದನ್ನು ದೊಡ್ಡ ಊರಿನ ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಹುಡುಕಬೇಕಾಗುತ್ತದೆ. ಕಾಗದದ ಮೇಲೆ ಚಿತ್ರ ಬರೆದು, ಬಟ್ಟೆಯ ಹಿಂಬದಿಗೆ ಇಸ್ತ್ರಿ ಮಾಡಿ, ಕತ್ತರಿಸಿ, ಕಾಗದ ಸುಲಿದು ಕೌದಿಗೆ ಒತ್ತಿದರೆ ಆಯಿತು. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು ಬರುತ್ತದೆ; ಮಗುವಿನ ಹೆಸರಿನ ಅಕ್ಷರ ಹಾಕುವವರು ಇಲ್ಲಿಯೇ ಮೋಸಹೋಗುವುದು. ಹೊಲಿಗೆ ಬೇಡ ಎಂದು ಬರೆದ ದಪ್ಪ ಅಂಟಿನದನ್ನು ತರಬಾರದು. ಅದರ ಮೇಲೆ ಹೊಲಿದರೆ ಸೂಜಿಗೆ ಅಂಟು ಮೆತ್ತಿಕೊಂಡು ದಾರ ಹರಿಯುತ್ತದೆ. ಹೊಲಿಯಬಹುದಾದ ಹಗುರ ಬಗೆಯನ್ನೇ ಕೇಳಿ ತರಬೇಕು, ಅಂಟಿಸಿದ ಮೇಲೆ ಅಂಚಿನ ಸುತ್ತ ಹೊಲಿಯಲೇಬೇಕು. ದೊಡ್ಡ ಆಕಾರವಾದರೆ ವೆಬ್‌ನ ನಡುಭಾಗ ಕತ್ತರಿಸಿ ತೆಗೆದು, ಅಂಚಿನಲ್ಲಿ ಒಂದು ಸೆಂಟಿಮೀಟರಿನಷ್ಟು ಮಾತ್ರ ಉಳಿಸುವುದು ಜಾಣತನ. ನಡುವೆ ಬಟ್ಟೆ ಬಟ್ಟೆಯಾಗಿಯೇ ಉಳಿಯುತ್ತದೆ.

ಕೌದಿಗೆ ಇದಕ್ಕಿಂತ ಹೆಚ್ಚು ಒಪ್ಪುವುದು ಅಂಚು ಮಡಚಿದ ಅಪ್ಲಿಕ್. ತೆಳು ಫ್ಯೂಸಿಂಗ್‌ನ ಅಂಟಿನ ಬದಿಗೆ ಬಟ್ಟೆಯ ಮೇಲ್ಮುಖ ತಾಗುವಂತೆ ಇಟ್ಟು ಆಕಾರದ ಗೆರೆಯ ಮೇಲೆ ಸುತ್ತ ಹೊಲಿಯಬೇಕು. ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತಿರುವುಗಳಲ್ಲಿ ಸಣ್ಣ ಗೀರು ಹಾಕಿ, ಫ್ಯೂಸಿಂಗ್‌ನಲ್ಲಿ ಮಾತ್ರ ಒಂದು ಸೀಳು ಮಾಡಿ ಒಳಗನ್ನು ಹೊರಗೆ ತಿರುವಬೇಕು. ಈಗ ಅಂಟು ಹಿಂಬದಿಗೆ ಬಂದಿರುತ್ತದೆ, ಅಂಚು ತಾನೇ ಮಡಚಿಕೊಂಡಿರುತ್ತದೆ. ಕೌದಿಯ ಮೇಲಿಡುವ ಮೊದಲು ಇಸ್ತ್ರಿ ತಾಗಿಸಬಾರದು, ಅಂಚನ್ನು ಉಗುರಿನಲ್ಲೇ ತೀಡಬೇಕು. ಎಲೆ, ಹೂ, ಚಂದ್ರನಂಥ ದುಂಡು ಆಕಾರಕ್ಕೆ ಇದು ಚೆಂದ. ಮೂಲೆ ಚೂಪಾದ ಸಣ್ಣ ನಕ್ಷತ್ರಕ್ಕೆ ಕೈಹಾಕದಿರುವುದೇ ಲೇಸು.

ಇಸ್ತ್ರಿ ಮತ್ತು ಒಗೆತ

ಅಂಟು ಹಿಡಿಯಲು ಬಿಸಿ, ಒತ್ತಡ, ಸಮಯ ಮೂರೂ ಬೇಕು. ಇಸ್ತ್ರಿಪೆಟ್ಟಿಗೆಯ ಎರಡು ಚುಕ್ಕೆಯ ಗುರುತು ಸುಮಾರು 150 ಡಿಗ್ರಿ, ಮೂರು ಚುಕ್ಕೆ ಸುಮಾರು 200 ಡಿಗ್ರಿ ಸೆಲ್ಸಿಯಸ್. ತೆಳು ಫ್ಯೂಸಿಂಗ್‌ಗೆ ಎರಡು ಚುಕ್ಕೆ, ಒಂದೊಂದು ಕಡೆ ಹತ್ತು ಹದಿನೈದು ಸೆಕೆಂಡು, ಮೇಲೆ ಒಂದು ಹತ್ತಿ ಬಟ್ಟೆ. ಬಟ್ಟೆಗೆ ಇಸ್ತ್ರಿ ಮಾಡುವಂತೆ ಎಳೆಯಬಾರದು, ಇಟ್ಟು ಒತ್ತಿ ಎತ್ತಬೇಕು. ಪೂರ್ತಿ ಆರುವವರೆಗೆ ಮುಟ್ಟಬಾರದು. ಬಿಸಿಯಲ್ಲಿ ಎತ್ತಿ ನೋಡಿ, ಹಿಡಿದಿಲ್ಲವೆಂದು ಮತ್ತೆ ಮತ್ತೆ ಒತ್ತಿ ಕೆಡಿಸಿಕೊಳ್ಳುವವರೇ ಹೆಚ್ಚು. ಇದ್ದಿಲ ಇಸ್ತ್ರಿಯಲ್ಲಿ ಬಿಸಿಯ ಅಳತೆ ಸಿಗದ ಕಾರಣ ಮೊದಲು ಚಿಂದಿಯ ಮೇಲೆ ಒತ್ತಿ ನೋಡಲೇಬೇಕು. ಪಾಲಿಯೆಸ್ಟರ್, ನೈಲಾನ್ ಸೀರೆಯ ತುಂಡಾದರಂತೂ ಇನ್ನೂ ಎಚ್ಚರ. ಮೂರು ಚುಕ್ಕೆಯ ಬಿಸಿಗೆ ನೈಲಾನ್ ಕರಗಿ ಅಂಟಿಕೊಳ್ಳುತ್ತದೆ.

ಹೊಸ ಹತ್ತಿ ಬಟ್ಟೆಯನ್ನು ಒಮ್ಮೆ ಒಗೆದು ಗಂಜಿ ತೆಗೆಯದಿದ್ದರೆ ಅಂಟು ಹಿಡಿಯುವುದಿಲ್ಲ. ಕಡಿಮೆ ಬಿಸಿಗೇ ಕರಗುವ ಅಂಟು ಬಿಸಿನೀರಿನ ಒಗೆತದಲ್ಲೂ ಸಡಿಲವಾಗುತ್ತದೆ. ಕೌದಿಯನ್ನು ಹಳ್ಳದಲ್ಲಿ ಕಲ್ಲಿಗೆ ಬಡಿದು ಒಗೆಯುವ ಮನೆಯವರು ಫ್ಯೂಸಿಂಗ್ ಅನ್ನು ಜಾಗದಲ್ಲಿ ಹಿಡಿದಿಡುವ ಸಹಾಯ ಎಂದಷ್ಟೇ ತಿಳಿಯಬೇಕು, ಭಾರ ಹೊರುವುದು ದಾರವೇ. ಹಾಗಾಗಿ ಅಂಗೈಯಗಲದ ತುಂಡಿಗೆ ಅಂಟಿಸಿ, ಹೊಲಿದು, ಮನೆಯ ಪದ್ಧತಿಯಂತೆಯೇ ಮೂರು ಸಲ ಒಗೆದು ನೋಡಿ ಆಮೇಲೆ ಮೀಟರುಗಟ್ಟಲೆ ಕೊಳ್ಳುವುದು ಒಳ್ಳೆಯದು. ಕಪ್ಪು ಬಟ್ಟೆಗೆ ಬಿಳಿ ಫ್ಯೂಸಿಂಗ್ ಹಾಕಿದರೆ ಅಂಚಿನಲ್ಲಿ ಬಿಳಿ ಇಣುಕುತ್ತದೆ. ಕಪ್ಪು ಬಣ್ಣದ್ದೂ ಸಿಗುತ್ತದೆ, ಕೇಳಬೇಕು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ, ತುಂಡಿನ ಅಂಚನ್ನು ಬೆರಳಲ್ಲೇ ಮಡಚುತ್ತ ಹೋಗುತ್ತಾರೆ. ಅವರಿಗೆ ಫ್ಯೂಸಿಂಗ್ ಬೇಕಾಗಿಲ್ಲ. ತೀರ ಹಳೆಯದಾಗಿ ಜಾಳಾದ ಸೀರೆಯ ತುಂಡಿಗೆ ಮಾತ್ರ ಹಿಂದೆ ತೆಳು ಫ್ಯೂಸಿಂಗ್ ಕೊಟ್ಟರೆ ಆ ಬಟ್ಟೆ ಸೂಜಿಯ ಎಳೆತಕ್ಕೆ ಹರಿಯದೆ ನಿಲ್ಲುತ್ತದೆ.

ಇಸ್ತ್ರಿಯ ತಳಕ್ಕೆ ಅಂಟು ಮೆತ್ತಿದರೆ ಚಾಕುವಿನಿಂದ ಕೆರೆಯಬಾರದು. ಲೇಪನವಿಲ್ಲದ ಪೆಟ್ಟಿಗೆಯಾದರೆ ಕಾಗದದ ಮೇಲೆ ಪುಡಿಯುಪ್ಪು ಹರಡಿ, ಬೆಚ್ಚಗಿರುವಾಗಲೇ ಅದರ ಮೇಲೆ ನಾಲ್ಕು ಸಲ ಓಡಿಸಿದರೆ ಬಿಡುತ್ತದೆ.