ಈ ಪುಸ್ತಕ ಬರೆದೋರು ಯಾರು?

ಅಕ್ಷರ ಬಂದರೆ ಬಿಡುಗಡೆ ಬಂತು ಎಂದು ನಾವು ನಂಬಿದ್ದೆವು. ಅದು ಅರ್ಧ ಸತ್ಯ. ನಮ್ಮನ್ನು ತುಳಿದದ್ದೂ ಪುಸ್ತಕವೇ. ಆದ್ದರಿಂದ ಓದುವ ಮಗುವಿಗೆ ಇನ್ನೊಂದು ವಿದ್ಯೆ ಬೇಕು. ಇದನ್ನ ಬರೆದೋರು ಯಾರು, ಯಾರಿಗಾಗಿ ಬರೆದರು, ಇದರೊಳಗೆ ನಮ್ಮಪ್ಪ ನಮ್ಮವ್ವ ಹೆಂಗೆ ಕಾಣ್ತಾರೆ ಎಂದು ಕೇಳುವ ವಿದ್ಯೆ. 'ಮಾಹಿತಿ ಸಾಕ್ಷರತೆ' ಎಂಬ ಮಾತು ಅಮೆರಿಕದಲ್ಲಿ ಹುಟ್ಟಿದ್ದು 1974ರಲ್ಲಿ. ಅದಕ್ಕೂ ಮೂವತ್ಮೂರು ವರ್ಷ ಮೊದಲೇ ಅಲ್ಲಿನ ಒಬ್ಬ ಕಪ್ಪು ಹೆಂಗಸು ಆ ಕೆಲಸ ಮಾಡಿ ತೋರಿಸಿದ್ದರು.

ಶಾರ್ಲಮೇ ರಾಲಿನ್ಸ್ ಹುಟ್ಟಿದ್ದು 1897ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ಅವರ ಅಜ್ಜಿ ಗುಲಾಮಗಿರಿ ಉಂಡವರು. 1932ರಲ್ಲಿ ಶಿಕಾಗೋದ ಕಪ್ಪುಜನರ ಕೇರಿಯಲ್ಲಿ ಹಾಲ್ ಗ್ರಂಥಾಲಯ ಶಾಖೆ ತೆರೆದಾಗ ಮಕ್ಕಳ ವಿಭಾಗ ರಾಲಿನ್ಸರ ಪಾಲಿಗೆ ಬಂತು. ಶಾಖೆಯ ಮುಖ್ಯಸ್ಥೆ ವಿವಿಯನ್ ಹಾರ್ಷ್ ಕೂಡ ಕಪ್ಪು ಹೆಂಗಸೇ. ಆ ಕಾಲದ ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಮನುಷ್ಯ ಅಂದರೆ ಒಂದೋ ಆಳು, ಇಲ್ಲವೇ ಕೋಡಂಗಿ. ವಿಕಾರ ಮಾಡಿದ ಚಿತ್ರ, ಸೊಟ್ಟ ಮಾತು. ಓದಿದ ಬಿಳಿ ಮಗು ನಗಬೇಕು, ಕಪ್ಪು ಮಗು ತನ್ನ ಮುಖಕ್ಕೆ ತಾನೇ ನಾಚಬೇಕು.

ರಾಲಿನ್ಸ್ ಸುಮ್ಮನೆ ಕೂರಲಿಲ್ಲ. ಪುಸ್ತಕವನ್ನು ಅಳೆಯೋದು ಹೇಗೆಂದು ಮೇಷ್ಟ್ರುಗಳಿಗೇ ಕಲಿಸಿದರು. 1941ರಲ್ಲಿ ಬಂದ ಅವರ 'ವಿ ಬಿಲ್ಡ್ ಟುಗೆದರ್' ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಿಗೆಂದೇ ಮಾಡಿದ ಕೈಪಿಡಿ. ಅಚ್ಚು ಹಾಕಿಸಿದ್ದು ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಮಂಡಳಿ. ಚಿತ್ರ ಹೆಂಗಿದೆ, ಮಾತು ಹೆಂಗಿದೆ, ಕತೆಯಲ್ಲಿ ಕಪ್ಪು ಮನುಷ್ಯ ಮನುಷ್ಯನಾಗಿದ್ದಾನೋ ಇಲ್ಲವೋ ಎಂದು ನೋಡಿ ಅದು ಪುಸ್ತಕಗಳನ್ನು ಆರಿಸಿತು. ಗ್ರಂಥಪಾಲಕಿ ಬೀರುವಿನ ಕಾವಲುಗಾರ್ತಿಯಲ್ಲ, ಮೇಷ್ಟ್ರ ಸರಿಸಮ ನಿಂತು ಕಲಿಸುವವಳು ಎಂಬುದನ್ನು ಅದು ಸಾಬೀತು ಮಾಡಿತು.

ಆದರೆ ಬಾಗಿಲೇ ಮುಚ್ಚಿದ್ದರೆ? ರಾಲಿನ್ಸ್ ಹುಟ್ಟಿದ ಅದೇ ಮಿಸಿಸಿಪ್ಪಿಯಲ್ಲಿ, 1961ರ ಮಾರ್ಚ್ 27ರಂದು, ಟೂಗಲೂ ಕಾಲೇಜಿನ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಜಾಕ್ಸನ್ ನಗರದ ಬಿಳಿಯರ ಗ್ರಂಥಾಲಯದಲ್ಲಿ ಓದಲು ಕೂತರು. ಪೊಲೀಸರು ಹಿಡಿದು ಜೈಲಿಗೆ ಹಾಕಿದರು.

ನಮಗೆ ಇದು ದೂರದ ಕತೆಯೇ? ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕಪ್ಪುಜನರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ. ಅದಾದ ನೂರು ವರ್ಷಕ್ಕೆ, 1973ರಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅವರೂ ಪುಸ್ತಕವನ್ನು ಅಳೆದು ನೋಡಿದ್ದರು, ಅಷ್ಟೆ. ಅದಕ್ಕೆ ದಲಿತ ಹುಡುಗರು ಪೆಟ್ಟು ತಿಂದರು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು.

ನಮ್ಮ ಮಕ್ಕಳಿಗೆ ಬೀರು ತುಂಬ ಪುಸ್ತಕ ಕೊಟ್ಟರೆ ಸಾಲದು. ಬೀಗ ತೆಗೆಯುವ ಕೈಯೇ ಪ್ರಶ್ನೆಯನ್ನೂ ಕಲಿಸಬೇಕು. ಪುಸ್ತಕ ಹೇಳಿದ್ದೆಲ್ಲಾ ಖರೆ ಅಂತ ತಲೆಬಾಗುವ ಓದು ನಮಗೆ ಇನ್ನೊಂದು ಜೀತ.